ಹೊಸ ಪೋಲೆಂಡಿನ ಹೇಸರಗತ್ತೆ

ಪರಾನಾ ಕಾಡು, ಬ್ರೆಜಿಲ್

ಸಲೋಮೆಯಕ್ಕಾ,

ಮಗುವಿನ ದೀಕ್ಷಾಸ್ನಾನ ಆಯಿತು, ಆದರೆ ಇನ್ನೇನು ತಪ್ಪಿಹೋಗುವುದರಲ್ಲಿತ್ತು. ರಷ್ಯಾದ ಝಾರನ ಕಾಟವಿಲ್ಲದ ಹೊಸ ಪೋಲೆಂಡ್ ಕಟ್ಟುತ್ತೇನೆಂದು ನಮ್ಮ ಯಜಮಾನರು ಮರ ಕಡಿಯುತ್ತಲೇ ಇದ್ದಾರೆ, ಪಾದ್ರಿಯನ್ನು ಕರೆತರಲು ಪುರುಸೊತ್ತಿಲ್ಲ. ಹೇಸರಗತ್ತೆ ಕೊಟ್ಟು ಇಲ್ಲಿನವನೇ ಆದ ಅನಸ್ತಾಸಿಯೊನನ್ನು ಕಳಿಸಿದರು. ಆ ಪ್ರಾಣಿ ನಡೆಯುವುದು ನಮ್ಮವರ ಪೋಲಿಷ್ ಬೈಗುಳಕ್ಕೆ ಮಾತ್ರ. ಅದನ್ನೇ ಅವನಿಗೆ ಬಾಯಿಪಾಠ ಮಾಡಿಸಿದ್ದರು, ಅರ್ಥ ಹೇಳಿರಲಿಲ್ಲ.

ಪಾದ್ರಿಯನ್ನು ಹೊತ್ತು ಬರುತ್ತಾ ಮನೆ ಮುಂದಿನ ಹಳ್ಳದ ನಡುವೆ ಅದು ನಿಂತುಬಿಟ್ಟಿತು. ಅನಸ್ತಾಸಿಯೊ ಅಪ್ಪಟ ಪೋಲಿಷಿನಲ್ಲಿ ಕೂಗಿದ, "ನಡಿ, ಹೊಟ್ಟೆಬಾಕ ಮುಂಡೇದೇ!" ಮೇಲೆ ಕೂತ ಪಾದ್ರಿಯೂ ಪೋಲೆಂಡಿನವರೇ, ಅವರ ಹೊಟ್ಟೆಯೂ ಸಣ್ಣದಲ್ಲ. ಇನ್ನು ಇವರು ವಾಪಸ್ಸೇ ಎಂದು ನಾನು ಕಣ್ಣು ಮುಚ್ಚಿಕೊಂಡೆ.

ಬಿಟ್ಟು ನೋಡಿದರೆ ಪಾದ್ರಿ ಕಣ್ಣೊರೆಸಿಕೊಳ್ಳುತ್ತಿದ್ದರು. "ಅಲ್ಲಿ ನಮ್ಮೂರ ಶಾಲೇಲಿ ಮಕ್ಕಳು ಪೋಲಿಷ್ ಆಡಿದ್ರೆ ಏಟು ಬೀಳುತ್ತೆ ಕಣಮ್ಮ. ಇಲ್ಲಿ ಊರಿಗೇ ಕೇಳೋ ಹಾಗೆ ಬೈತಾರೆ! ಎಲ್ಲಿ, ಇನ್ನೊಂದ್ಸಲ ಹೇಳಪ್ಪಾ."

ಅವನು ಟೋಪಿ ತೆಗೆದು, ಭಕ್ತಿಯಿಂದ ಇನ್ನೊಮ್ಮೆ ಹೇಳಿದ. ನಮ್ಮವರು ಸೌದೆ ರಾಶಿಯ ಹಿಂದೆ ಅವಿತರು.

ಮಗುವಿಗೆ ಲುಡ್ವಿಕಾ ಎಂದು ಹೆಸರಿಟ್ಟೆವು. ನನ್ನ ಕಾಲಿಗೆ ಹೊಕ್ಕ ಹುಳ ತೆಗೆಸಿದೆ, ಈಗ ವಾಸಿ. ಎಲೆಕೋಸಿನ ಬೀಜ ಕಳಿಸು. ಈ ಕಾರ್ಡು ಒಯ್ಯಲು ಅನಸ್ತಾಸಿಯೊ ಹೇಸರಗತ್ತೆ ಹತ್ತಿ ಹೊರಟಾಗಿದೆ, ನಿಲ್ಲಿಸುವ ಮಾತನ್ನು ನಮ್ಮವರು ಅವನಿಗೆ ಕಲಿಸಿಲ್ಲ, ಹಿಂದೆ ಓಡುತ್ತಲೇ ಬರೀತಿದ್ದೇನೆ

ನಿನ್ನ ಪೆಟ್ರೊನೆಲಾ