ಹೊರರಾಜ್ಯದವಳು

ಡಿಸೆಂಬರ್ 14, ಶನಿವಾರ

ಪ್ರೀತಿಯ ಅಮ್ಮ,

ಫೋನಿನಲ್ಲಿ ಹೇಳೋಣವೆಂದು ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ನೀನು, "ಅದಿರ್ಲಿ, ಸರಾಸರಿ ಎಷ್ಟಿದೆ ಹೇಳು" ಅಂದೆ. ಅದಕ್ಕೇ ಈ ಕಾಗದ. ವಿದ್ಯಾರ್ಥಿವೇತನಕ್ಕೆ ಬೇಕಾದ ಅಂಕಗಳ ಸರಾಸರಿ ಉಳಿದುಕೊಂಡಿತು. ನಿನ್ನೆ ರಸಾಯನಶಾಸ್ತ್ರದ ಫಲಿತಾಂಶ ಬಂತು, ಕೂದಲೆಳೆಯಲ್ಲಿ ಪಾರಾದೆ. ಅದಕ್ಕೆ ಏನೂ ಆಗಿಲ್ಲ.

ಇನ್ನೊಂದು ವಿಷಯ, ನಾನು ಕ್ರಿಸ್ಮಸ್‌ಗೆ ರಾಕ್‌ಫರ್ಡ್‌ಗೆ ಮನೆಗೆ ಬರುತ್ತಿಲ್ಲ. ಸಿಟ್ಟಾಗಬೇಡ, ಪೂರ್ತಿ ಓದು.

ನನ್ನ ರೂಮಿನ ಒಲೀಟಾ ನಿನಗೆ ಗೊತ್ತು. ಇದೇ ರಾಜ್ಯದವಳು, ಇಲ್ಲಿಂದ ಇಪ್ಪತ್ತೆರಡು ಮೈಲಿ ದೂರದ ಹಳ್ಳಿಯ ಹುಡುಗಿ. ರಸಾಯನಶಾಸ್ತ್ರದಲ್ಲಿ ನಾನು ಪಾರಾದದ್ದು ಅವಳಿಂದ. ಪ್ರತಿ ಮಧ್ಯಾಹ್ನ ಬಟ್ಟೆ ಒಗೆಯುವ ಕೋಣೆಯಲ್ಲಿ, ಯಂತ್ರಗಳ ಗದ್ದಲದ ನಡುವೆ ಕೂತು ಹೇಳಿಕೊಟ್ಟಳು. "ಏ ಇಲಿನಾಯ್, ಇದು ನಿನ್ ತಲೆಗೆ ಹೋಗ್ದಿದ್ರೆ ನಿನ್ನ ಊರಿಗೆ ಓಡಿಸ್ತಾರೆ. ಆಮೇಲೆ ನಂಗೆ ಹಿಮದ ಕಥೆ ಹೇಳೋರ್ಯಾರು?" ಎಂದು ಗದರುತ್ತಿದ್ದಳು. ನನ್ನನ್ನು ಹಲೀನಾ ಎಂದು ಕರೆದದ್ದೇ ಕಡಿಮೆ, ನಮ್ಮ ರಾಜ್ಯದ ಹೆಸರೇ ನನ್ನ ಹೆಸರು.

ನವೆಂಬರ್ ಮೊದಲ ವಾರ ಅವಳು ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು. ಏನೆಂದು ಕೇಳಿದೆ.

"ಜನವರಿಯಿಂದ ನಾನಿಲ್ಲ ಕಣೇ. ನಮ್ಮೂರ ಹತ್ರ ಎರಡು ವರ್ಷದ ಕಾಲೇಜಿದೆ, ಅಲ್ಲಿಗೆ ಹೋಗ್ತೀನಿ. ಹಾಸ್ಟೆಲ್‌ಗೆ ಕಟ್ಟೋಕಾಗಲ್ಲ."

ರಾಜ್ಯದ ಮಕ್ಕಳಿಗೆ ಇಲ್ಲಿ ಶುಲ್ಕವೇ ಕಡಿಮೆ ಎಂದು ವಿದ್ಯಾರ್ಥಿವೇತನವೂ ಕಡಿಮೆ. ಏಳುನೂರು ಮೈಲಿ ಆಚೆಯಿಂದ ಬಂದ ನನಗೆ ಇಡೀ ಶುಲ್ಕ ಮಾಫಿ. ನಾನು ಟವೆಲ್ ಮಡಿಸಲು ಕೂತೆ. ಅವಳೇ ನಕ್ಕಳು. "ನೆಂಟರಿಗೆ ಕೋಳಿ ತೊಡೆ, ಮನೇವ್ರಿಗೆ ಕತ್ತು. ನಮ್ಮಜ್ಜಿ ಬಡಿಸ್ತಿದ್ದಿದ್ದೂ ಹಂಗೇ. ಬಿಡು, ನೀನು ಜಾಣೆ, ಅದಕ್ಕೆ ಕೊಟ್ರು. ಸರಿಯಾಗೇ ಇದೆ." ನಾನು ಟವೆಲ್ ಮಡಿಸುತ್ತ ಹೋದೆ.

ಮರುದಿನ ವಿದ್ಯಾರ್ಥಿವೇತನದ ಕಚೇರಿಗೆ ಹೋದೆ. ಅಲ್ಲಿ ಶ್ರೀಮತಿ ಟಾಲಿವರ್ ಎಂಬ ವಯಸ್ಸಾದ ಹೆಂಗಸು ಇದ್ದಾರೆ. ನನ್ನದರಲ್ಲಿ ಒಂದು ಪಾಲು ಒಲೀಟಾಗೆ ಕೊಡಲು ಆಗುತ್ತದೆಯೇ ಎಂದು ಕೇಳಿದೆ. ಅವರು ನಗಲಿಲ್ಲ. ಕನ್ನಡಕ ತೆಗೆದಿಟ್ಟರು.

"ಕೂತ್ಕೋ ಮಗಳೇ. ನಿಂಗೆ ನಾವು ದುಡ್ಡೇನೂ ಕೊಡ್ತಿಲ್ಲ. ಹೊರಗಿನೋರ ಹತ್ರ ತಗೋಬೇಕಾದ್ದನ್ನ ನಿನ್ನ ಹತ್ರ ತಗೋತಿಲ್ಲ, ಅಷ್ಟೇ. ತಗೊಳ್ದೇ ಇರೋ ದುಡ್ಡನ್ನ ಇನ್ನೊಬ್ರಿಗೆ ಎಲ್ಲಿಂದ ಕೊಡ್ಲಿ?" ಆಮೇಲೆ ದನಿ ತಗ್ಗಿಸಿ, "ನಿಮ್ಮಂಥ ಹೊರಗಿನೋರು ಬರ್ದೇ ಇದ್ರೆ ನಮ್ಮ ಹಾಸ್ಟೆಲ್ ಅರ್ಧ ಖಾಲಿ" ಎಂದರು.

ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದೆ ಅಮ್ಮ. ನಮ್ಮ ಚರ್ಚಿನಲ್ಲಿ ನೀನು ಸಿಕ್ಕವರಿಗೆಲ್ಲ ವಿದ್ಯಾರ್ಥಿವೇತನದ ಆ ಪತ್ರ ತೋರಿಸಿದ್ದೆ. ಅದರಲ್ಲಿ ನನ್ನ ಯೋಗ್ಯತೆ ಎಷ್ಟು, ಖಾಲಿ ಕೋಣೆಗಳ ಪಾಲು ಎಷ್ಟು ಎಂದು ಯೋಚಿಸಿದೆ.

ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಒಲೀಟಾಳನ್ನು ಸಾಕಿದ ಚಿಕ್ಕಮ್ಮ ವರ್ಡೆಲ್ ಅವರ ಮನೆಗೆ ಹೋಗಿದ್ದೆನಲ್ಲ, ಆಗ ದಾರಿ ಕಂಡಿತು. ಹಿತ್ತಲ ಶೆಡ್ಡಿನಲ್ಲಿ ಅವಳ ತೀರಿಹೋದ ಅಜ್ಜನ ಕಾರು ನಿಂತಿದೆ, ಗೇರ್‌ಬಾಕ್ಸ್ ಕೆಟ್ಟಿದೆ. ಅದು ಓಡಿದರೆ ಒಲೀಟಾ ಮನೆಯಿಂದಲೇ ಇಲ್ಲಿಗೆ ಬಂದುಹೋಗಬಹುದು. ನಾನೂ ಅಲ್ಲೇ ಇದ್ದರೆ ನನ್ನ ಹಾಸ್ಟೆಲ್ ಖರ್ಚೂ ಉಳಿಯುತ್ತದೆ. ನೀನು ವಿಮಾನಕ್ಕೆಂದು ಕಳಿಸಿದ ಹಣವನ್ನು ರಿಪೇರಿಗೆ ಕೊಟ್ಟೆ. ನಿನ್ನನ್ನು ಕೇಳದೆ ಮಾಡಿದೆ, ತಪ್ಪು ನನ್ನದೇ. ಕೇಳಿದ್ದರೆ ನೀನು ಬೇಡವೆನ್ನುತ್ತಿದ್ದೆ ಎಂಬ ಭಯ.

ಒಲೀಟಾ ಮೊದಲು ಸಿಡುಕಿದಳು. "ನಿನ್ ಕನಿಕರ ನಿನ್ ಹತ್ರಾನೇ ಇಟ್ಕೋ" ಎಂದಳು. "ಕನಿಕರ ಅಲ್ಲ ಕಣೇ, ಮುಂದಿನ ರಸಾಯನಶಾಸ್ತ್ರ ಇನ್ನೂ ಕಷ್ಟ ಅಂತೆ. ನೀನಿಲ್ದಿದ್ರೆ ನಾನು ಮುಳುಗ್ತೀನಿ" ಎಂದೆ. ಮೂರನೆಯ ದಿನ ಕ್ಲಾಸಿನಿಂದ ಬಂದು ನೋಡಿದರೆ ಪುಸ್ತಕಗಳು ಮತ್ತೆ ಮೇಜಿನ ಮೇಲಿದ್ದವು.

ವರ್ಡೆಲ್ ಚಿಕ್ಕಮ್ಮ ಮಾತ್ರ ತಕ್ಷಣ ಒಪ್ಪಿದರು. "ಒಂದೇ ರೂಮಲ್ಲಿ ಇಬ್ರೂ ಕಿತ್ತಾಡ್ಕೊಂಡಿರಿ, ನಂಗೇನು. ಆದ್ರೆ ಭಾನುವಾರ ಚರ್ಚಿಗೆ ಬರ್ಲೇಬೇಕು. ಹೊರರಾಜ್ಯದೋಳು ಅಂತ ನನ್ನ ಮನೇಲಿ ರಿಯಾಯಿತಿ ಇಲ್ಲ!"

ಆಗಸ್ಟಿನಲ್ಲಿ ವಿಮಾನ ನಿಲ್ದಾಣದಲ್ಲಿ ನೀನು, "ಊರವ್ರ ತಾಪತ್ರಯ ಎಲ್ಲಾ ಮೈಮೇಲೆ ಎಳ್ಕೋಬೇಡ" ಎಂದಿದ್ದೆ. ಪ್ರಯತ್ನಪಟ್ಟೆ ಅಮ್ಮ. ಆದರೆ ನಿನ್ನ ಜೊತೆ ಶಾಲೆಯ ಅಡುಗೆಮನೆಯಲ್ಲಿ ದುಡಿಯುವ ದನೂತಾ, ಗಂಡ ಅವಳನ್ನು ಹೊರಹಾಕಿದಾಗ, ಒಂದಿಡೀ ಚಳಿಗಾಲ ನಮ್ಮ ಸೋಫಾದ ಮೇಲೆ ಮಲಗಿದ್ದಳಲ್ಲ? ಅವಳನ್ನು ಕರೆತಂದವಳು ಯಾರು? ನನಗೆ ಆಗ ಹನ್ನೊಂದು ವರ್ಷ. ನೋಡಿದ್ದು ಮರೆಯುವ ವಯಸ್ಸಲ್ಲ.

ಕ್ರಿಸ್ಮಸ್ ಮುನ್ನಾದಿನದ ಊಟದಲ್ಲಿ, ಯಾರಾದರೂ ಬಂದಾರೆಂದು ಒಂದು ತಟ್ಟೆ ಹೆಚ್ಚಿಗೆ ಇಡುತ್ತೀಯಲ್ಲ, ಈ ಸಲ ನನ್ನದೂ ಸೇರಿ ಎರಡು ಖಾಲಿ. ಪಿಯೆರೋಗಿ ಕಡುಬಿಗೆ ಹಿಟ್ಟು ನಾದುವುದು ಹೇಗೆಂದು ಬರೆದು ಕಳಿಸು, ಇಲ್ಲಿ ಮಾಡಿ ನೋಡುತ್ತೇನೆ. ಬೆನ್ನುನೋವಿಗೆ ಔಷಧಿ ಬಿಡಬೇಡ.

ನಿನ್ನ ಮಗಳು,
ಹಲೀನಾ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಪ್ರವೇಶ ಪರೀಕ್ಷೆಯಲ್ಲಿ ಒಲೀಟಾಗೆ ಮೂವತ್ತಾರಕ್ಕೆ ಮೂವತ್ತೆರಡು ಅಂಕ. ನನಗೆ ಮೂವತ್ತನಾಲ್ಕು ಎಂದು ಮೊದಲ ವಾರವೇ ಅವಳಿಗೆ ಹೇಳಿದ್ದೆ. ನಿಜವಾಗಿ ಮೂವತ್ತೇ ಎಂದು ನಿನಗೆ ಗೊತ್ತು. ನಾನು ಜಾಣೆ ಎಂದು ಅವಳು ನಂಬಿರುವುದು ಆ ಒಂದು ಸುಳ್ಳಿನಿಂದ. ಇನ್ನು ದಿನವೂ ಒಂದೇ ಕಾರಿನಲ್ಲಿ ಅವಳ ಪಕ್ಕ ಕೂರಬೇಕು. ನೀನು ಫೋನ್ ಮಾಡಿದಾಗಲೆಲ್ಲ, "ಅವಳಿಗೆ ಹೇಳಿದೆಯಾ?" ಎಂದು ಕೇಳುತ್ತಿರು. ಕೇಳುವವರಿಲ್ಲದಿದ್ದರೆ ನಾನು ಹೇಳುವವಳಲ್ಲ.