ನನ್ನ ದನಿ ನನಗ ಬೇಕ್ರಿ

ಇಳಕಲ್
೧೮ ನವೆಂಬರ್ ೨೦೨೫

ಅವ್ವಾ,

ನಿನ್ನ ಮಗಳು ನಾಗರತ್ನಾಳ ಶರಣು. ಫೋನಿನಲ್ಲಿ ಹೇಳಹೋದರೆ ನನಗೆ ಅಳು ಬಂದು ನೀನು ಗಾಬರಿಯಾಗುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಸುದ್ದಿ ಒಳ್ಳೆಯದೇ. ನಿನ್ನ ಅಳಿಯನ ಟಿಬಿ ಪೂರ್ತಿ ವಾಸಿಯಾಗಿದೆ ಎಂದು ಡಾಕ್ಟರು ನಿನ್ನೆ ಹೇಳಿದರು.

ನಿನಗೆ ಹೇಳದ್ದೊಂದಿದೆ. ಬೇಸಿಗೆಯಲ್ಲಿ ಕೆಮ್ಮು ತುಸು ಇಳಿದದ್ದೇ ತಡ, ಇವರು ಗುಳಿಗೆ ಬಿಟ್ಟುಬಿಟ್ಟಿದ್ದರು. ನಾನು ಆಣೆ ಹಾಕಿದೆ, ಉಪವಾಸ ಕೂತೆ. ಇವರ ಜೀವದ ಗೆಳೆಯ ಇಮಾಮಸಾಬಣ್ಣನನ್ನು ಕರೆಸಿ ಬೈಸಿದೆ. ಬೈದಷ್ಟೂ ಇವರು ಬಿಗಿಯಾದರು. "ಸತ್ತರ ನಾ ಸಾಯ್ತೇನಿ, ನಿಮಗೇನು?" ಎಂದು ಎದ್ದು ಹೋಗುತ್ತಿದ್ದರು. ಕಡೆಗೆ ಕೆಮ್ಮಿದಾಗ ರಕ್ತ ಕಂಡಿತು. ಇಮಾಮಸಾಬಣ್ಣನೇ ಗಾಡಿಯ ಮೇಲೆ ಕೂರಿಸಿಕೊಂಡು ದವಾಖಾನೆಗೆ ಕರೆದೊಯ್ದ. ನಾನು ಹಿಂದಿನಿಂದ ಓಡಿದೆ.

ಅಲ್ಲಿ ರೋಗಿಗಳ ಜೊತೆ ಮಾತಾಡಲೆಂದೇ ಪ್ರೀತಿ ಎಂಬ ಹುಡುಗಿ ಇದ್ದಾಳೆ. ಅವಳಾದರೂ ಚೆನ್ನಾಗಿ ಬೈಯಲಿ ಎಂದುಕೊಂಡೆ. ಅವಳು ಕೇಳಿದ್ದೇ ಬೇರೆ: "ಗುಳಿಗಿ ಬಿಟ್ಟ ಮ್ಯಾಲೆ ಏನರ ಹಗುರ ಆತೇನ್ರಿ, ಅಮರಪ್ಪನವರ?"

ಇವರು ಅವಳ ಮುಖವನ್ನೇ ನೋಡಿದರು. ಆಮೇಲೆ ಬಾಯಿಬಿಟ್ಟರು. ಗುಳಿಗೆ ನುಂಗಿದರೆ ಹೊಟ್ಟೆ ತೊಳಸುತ್ತದಂತೆ. ಕೆಲಸಕ್ಕೆ ಹೋಗುವ ಕಲ್ಲು ಪಾಲಿಶಿನ ಕಾರ್ಖಾನೆಯಲ್ಲಿ ಇವರ ಚಹಾದ ಕಪ್ಪನ್ನು ಬೇರೆ ಇಟ್ಟಿದ್ದಾರಂತೆ. ಗುಳಿಗೆ ಬಿಟ್ಟರೆ ರೋಗವೇ ಇಲ್ಲದವನ ಹಾಗೆ ಇರಬಹುದು ಅನಿಸಿತಂತೆ. ಒಂದೇ ಮನೆಯಲ್ಲಿದ್ದ ನನಗೆ ಇದ್ಯಾವುದೂ ಗೊತ್ತಿರಲಿಲ್ಲ ಅವ್ವಾ.

"ಖರೆ ಐತ್ರಿ, ಭಾಳ ತ್ರಾಸ," ಎಂದಳು ಪ್ರೀತಿ. ಆರಾಮಾದರೆ ಮೊದಲು ಏನು ಮಾಡಬೇಕೆಂದಿದ್ದೀರಿ ಎಂದು ಕೇಳಿದಳು. ಮಕ್ಕಳ ಹೆಸರು ಹೇಳುತ್ತಾರೆ, ಇಲ್ಲವೇ ನನ್ನ ಹೆಸರು, ಎಂದು ನಾನು ಕಾದೆ.

"ಸೋಮವಾರದ ಭಜನ್ಯಾಗ ಹಾಡ್ಬೇಕ್ರಿ. ಈಗ ಮಠದ ಹೊರಗ ಕಟ್ಟಿ ಮ್ಯಾಲೆ ಕುಂತು ಕೇಳ್ತೇನಿ. ನನ್ನ ದನಿ ನನಗ ಬೇಕ್ರಿ," ಎಂದು ಕಣ್ಣೊರೆಸಿಕೊಂಡರು. ಆಮೇಲೆ ತಾವೇ ಕೇಳಿದರು: "ಉಂಡು ನುಂಗಿದ್ರ ನಡೀತೈತೇನ್ರಿ?"

ಪ್ರೀತಿ ಡಾಕ್ಟರನ್ನು ಕೇಳಿ ಬಂದಳು. ವಾಂತಿಗೆ ಬೇರೆ ಔಷಧ ಕೊಟ್ಟರು, ಚಿಕಿತ್ಸೆ ಮತ್ತೆ ಮೊದಲಿನಿಂದ ಶುರುವಾಯಿತು. ಇವರು ನನಗೆ ಒಂದೇ ಮಾತು ಹೇಳಿದರು: ನೆನಪು ಮಾಡಬೇಡ, ನಾನೇ ತಗೊಳ್ಳುತ್ತೇನೆ. ಬಾಯಿ ಮುಚ್ಚಿಕೊಂಡಿರುವುದು ನನಗೆಷ್ಟು ಕಷ್ಟವೆಂದು ನಿನಗೆ ಗೊತ್ತೇ ಇದೆ. ನಡುವೆ ಒಮ್ಮೆ ತಪ್ಪಿಸಿದರು. ನಾನು ಬಾಯಿ ತೆರೆಯುವ ಮೊದಲೇ ತಾವೇ ಪ್ರೀತಿಗೆ ಫೋನು ಹಚ್ಚಿದರು.

ನಿನ್ನೆ ಸಂಜೆ ಮಠದೊಳಗೆ ಕೂತು ಹಾಡಿದರು. ದನಿ ಒಡೆದಿತ್ತು, ಎರಡನೆಯ ನುಡಿಗೆ ಉಸಿರು ಸಾಲಲಿಲ್ಲ. ಇಮಾಮಸಾಬಣ್ಣ ತಬಲಾ ನಿಲ್ಲಿಸದೆ ಮೆಲ್ಲಗೆ ನುಡಿಸುತ್ತ ಕಾದ. ಇವರು ಉಸಿರೆಳೆದುಕೊಂಡು ಮುಂದಿನ ಸಾಲು ಎತ್ತಿಕೊಂಡರು. ಹೆಂಗಸರ ನಡುವೆ ಕೂತಿದ್ದ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಅಪ್ಪನಿಗೆ ಇದನ್ನು ಓದಿ ಹೇಳು.

ನಿನ್ನ
ನಾಗರತ್ನಾ

ತಾ.ಕ.: ಪಂಚಮಿಗೆಂದು ತವರಿಗೆ ಕರೆಯಲು ಬಂದ ಶ್ರೀಶೈಲಣ್ಣನನ್ನು ಬಾಗಿಲಿಂದಲೇ ತಿರುಗಿ ಕಳಿಸಿದೆನೆಂದು ನೀನು ಮುನಿಸಿಕೊಂಡಿದ್ದೀ. ಆಗ ನನಗೂ ಕೆಮ್ಮು ಶುರುವಾಗಿತ್ತು, ಅವನ ಮನೆಯಲ್ಲಿ ಹಸುಗೂಸಿತ್ತು. ಪರೀಕ್ಷೆಗೆ ಹೋಗಲು ಹೆದರಿ ದಿನ ತಳ್ಳಿದೆ. ಹೋದ ವಾರ ಇವರೇ ಜೊತೆಗೆ ಬಂದು ಪಾಳಿಯಲ್ಲಿ ಕೂತರು. ನನಗೆ ರೋಗವಿಲ್ಲ ಅವ್ವಾ. ಶುಕ್ರವಾರ ಚೊಳಚಗುಡ್ಡಕ್ಕೆ ಬರುತ್ತೇನೆ. ಬಂದ ಕೂಡಲೇ ಕೂಸನ್ನು ನನ್ನ ಕೈಗೆ ಕೊಡಬೇಕೆಂದು ಅತ್ತಿಗೆಗೆ ಹೇಳು.