ಶುಕ್ರವಾರದ ಖಾಲಿ ಬೆಂಚುಗಳು

ಕೇಪ್‌ಟೌನ್

ಮಾನ್ಯ ಶಿಕ್ಷಣಾಧಿಕಾರಿ ಲಾಟೆಗನ್ ಅವರಿಗೆ,

ಶುಕ್ರವಾರ ಮಧ್ಯಾಹ್ನ ನಮ್ಮ ಮುಸ್ಲಿಂ ಶಾಲೆಗೆ ಬಂದ ನೀವು ಖಾಲಿ ಬೆಂಚುಗಳನ್ನು ನೋಡಿ, ಮಕ್ಕಳೇ ಇಲ್ಲವೆಂದು ಸರ್ಕಾರದ ಅನುದಾನ ನಿಲ್ಲಿಸಿದ್ದೀರಿ. ನಮ್ಮ ಕಾವಲುಗಾರ ರಶಾದ್ ಗೇಟಿನಲ್ಲೇ ಹೇಳಿದ್ದ: "ಎಲ್ಲಾ ನಮಾಜಿಗೆ ಹೋಗವ್ರೆ ಸಾರ್. ಇವತ್ತಿನ ಮಧ್ಯಾಹ್ನದ ಪಾಠ ನಾಳೆ ಮಾಡ್ತಾರೆ, ನಾಳೆ ಬನ್ನಿ."

"ಶನಿವಾರ ನಂಗೆ ರಜ ಕಣಯ್ಯ" ಅಂದಿರಂತೆ.

ಅನುದಾನ ಮತ್ತೆ ಬಾರದಿದ್ದರೆ ಶುಲ್ಕ ಏರಿಸಬೇಕು. ಆಗ ಮೀನು ಮಾರುವವರ, ಬಟ್ಟೆ ಹೊಲಿಯುವವರ ಮಕ್ಕಳು ಶಾಲೆ ಬಿಡುತ್ತಾರೆ. ಅವರಲ್ಲಿ ಒಬ್ಬರನ್ನೂ ನಾನು ಬಿಟ್ಟುಕೊಡುವವಳಲ್ಲ.

ದಯವಿಟ್ಟು ಈ ಶನಿವಾರ ಬನ್ನಿ. ರಜೆ ಕೆಡಿಸಿಕೊಳ್ಳಲು ಮನಸ್ಸಿಲ್ಲದಿದ್ದರೆ, ಸೋಮವಾರ ಮಕ್ಕಳೆಲ್ಲರನ್ನೂ ನಿಮ್ಮ ಕಚೇರಿಗೇ ಕರೆತರುತ್ತೇನೆ. ಎಣಿಸಿಕೊಳ್ಳಿ. ನೀವು ಎಣಿಸಿ ಮುಗಿಸುವವರೆಗೆ ಮಗ್ಗಿ ಪಾಠ ಅಲ್ಲೇ ನಡೆಯುತ್ತದೆ.

ಕರಿಹಲಗೆ ನಾವೇ ತರುತ್ತೇವೆ.

ಇತಿ,
ರುಗಾಯಾ ಡೇವಿಡ್ಸ್
ಮುಖ್ಯೋಪಾಧ್ಯಾಯಿನಿ